ಎಣಿಸುವವರು, ಓದುವವರು

ಕಳೆದ ಬೇಸಿಗೆಯಲ್ಲಿ ಅವ್ವ ಧಾರವಾಡದಿಂದ ಪುಣೆಗೆ ಬಂದಿದ್ದಳು. ಒಂದು ಸಂಜೆ ನಾನು ಲಕ್ಷದ್ವೀಪದ ಹವಳದ ದಿಬ್ಬಗಳ ಬಗ್ಗೆ ಓದುತ್ತಾ, ಅರ್ಧಕ್ಕರ್ಧ ಸತ್ತಿವೆಯಂತೆ ಎಂದು ಹೆಂಡತಿಗೆ ಹೇಳುತ್ತಿದ್ದೆ. ಅವ್ವ ತಾಳಿಸರದಲ್ಲಿದ್ದ ಎರಡು ಕೆಂಪು ಮಣಿಗಳನ್ನು ಬೆರಳಲ್ಲಿ ಹಿಡಿದುಕೊಂಡು ಕೇಳಿದಳು: "ಹವಳಾ ಸಾಯ್ತಾವೇನೋ ತಮ್ಮಾ? ಅದು ಕಲ್ಲಲ್ಲೇನು?"

ಉತ್ತರ ಹೇಳುವುದು ಸುಲಭವಾಗಿತ್ತು. ಆದರೆ ಆ ಉತ್ತರದ ಬೆನ್ನಿಗೇ ಇನ್ನೊಂದು ಪ್ರಶ್ನೆ ಹುಟ್ಟಿಕೊಂಡಿತು. ಅದು ಇನ್ನೂ ನನ್ನನ್ನು ಬಿಟ್ಟಿಲ್ಲ.

ಅವ್ವನ ಮಣಿ ಬೇರೆ ಜಾತಿಯದು. ಒಡವೆಗೆ ಬಳಸುವ ಕೆಂಪು ಹವಳ ದಿಬ್ಬ ಕಟ್ಟುವುದಿಲ್ಲ. ದಿಬ್ಬ ಕಟ್ಟುವ ಹವಳವೂ ಕಲ್ಲಲ್ಲ, ಪ್ರಾಣಿ. ಬಹುತೇಕ ಜಾತಿಗಳಲ್ಲಿ ಒಂದೊಂದು ಜೀವಿಯೂ ಕೆಲವೇ ಮಿಲಿಮೀಟರ್ ಅಗಲ. ಅದು ತನ್ನ ಸುತ್ತ ಸುಣ್ಣದ ಗೂಡು ಕಟ್ಟಿಕೊಳ್ಳುತ್ತದೆ. ಅದರ ಮೈಯೊಳಗೆ ಅತಿ ಸೂಕ್ಷ್ಮವಾದ ಪಾಚಿ ವಾಸವಾಗಿದ್ದು, ಬಿಸಿಲಿನಿಂದ ಅನ್ನ ಮಾಡಿ ಮನೆ ಕೊಟ್ಟ ಹವಳಕ್ಕೂ ಬಡಿಸುತ್ತದೆ. ಬಣ್ಣವೂ ಬಹುಮಟ್ಟಿಗೆ ಆ ಪಾಚಿಯದೇ. ವಾಡಿಕೆಯ ಬೇಸಿಗೆಯ ಗರಿಷ್ಠಕ್ಕಿಂತ ನೀರು ಒಂದೇ ಡಿಗ್ರಿ ಹೆಚ್ಚು ಬಿಸಿಯಾಗಿ ಕೆಲವು ವಾರ ಹಾಗೇ ನಿಂತರೆ ಸಾಕು, ಹವಳ ಪಾಚಿಯನ್ನು ಹೊರಹಾಕುತ್ತದೆ. ಆಗ ಅದು ಬೆಳ್ಳಗೆ ಬಿಳಿಚಿಕೊಳ್ಳುತ್ತದೆ. ಆಗಲೂ ಸತ್ತಿರುವುದಿಲ್ಲ, ಉಪವಾಸ ಬಿದ್ದಿರುತ್ತದೆ. ನೀರು ಬೇಗ ತಣಿದರೆ ಬದುಕಬಹುದು. ತಣಿಯದಿದ್ದರೆ ಸಾಯುತ್ತದೆ.

ಇದನ್ನೆಲ್ಲ ನಾನು ತಿಳಿದುಕೊಂಡದ್ದಕ್ಕೆ ಒಂದು ಕಾರಣ, ದಿನವೂ ಆಫೀಸಿಗೆ ಹೋಗುವಾಗ ಪಾಷಾಣದಲ್ಲಿ ಕಾಣುವ ಒಂದು ಗೇಟು. ಅದು ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ, 1962ರಲ್ಲಿ ಶುರುವಾದದ್ದು. ಸಮುದ್ರವೇ ಇಲ್ಲದ ಊರಿನಲ್ಲಿ ಕುಳಿತು ಇವರು ಸಮುದ್ರದ ಜ್ವರ ನೋಡುತ್ತಾರೆ. ಇಲ್ಲಿನ ವಿಜ್ಞಾನಿ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಹೋದ್ಯೋಗಿಗಳು ಸಾಗರದ ಬಿಸಿ ಅಲೆಗಳ ಕುರಿತು 2022ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಪಶ್ಚಿಮ ಹಿಂದೂ ಮಹಾಸಾಗರದಲ್ಲಿ ಇಂಥ ಬಿಸಿ ಅಲೆಗಳು ದಶಕಕ್ಕೆ ಸುಮಾರು ಒಂದೂವರೆಯಂತೆ ಹೆಚ್ಚುತ್ತಿವೆ. 2020ರ ಮೇ ತಿಂಗಳ ಬಿಸಿ ಅಲೆಯ ನಂತರ ಮನ್ನಾರ್ ಕೊಲ್ಲಿಯಲ್ಲಿ ನೀರಿಗಿಳಿದು ನೋಡಿದಾಗ 85% ಹವಳ ಬಿಳಿಚಿಕೊಂಡಿತ್ತು. ಈ ಅಲೆಗಳು ಮಧ್ಯ ಭಾರತದ ಮುಂಗಾರು ಮಳೆಯನ್ನೂ ಕಡಿಮೆ ಮಾಡುತ್ತವೆ ಎಂದು ಅದೇ ಅಧ್ಯಯನ ಹೇಳುತ್ತದೆ. ಕಡಲನ್ನೇ ಕಾಣದ ರೈತನ ಹೊಲಕ್ಕೂ ಕಡಲಿನ ಜ್ವರ ಮುಟ್ಟುತ್ತದೆ.

ಇವರು ದೂರದಿಂದ ನಾಡಿ ನೋಡಿದರೆ, ಹತ್ತಿರ ಹೋಗಿ ಎಣಿಸಿದವರು ನಮ್ಮ ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನವರು. ರೋಹನ್ ಆರ್ಥರ್ ಮತ್ತು ಜೊತೆಗಾರರು 1998ರಿಂದ ಲಕ್ಷದ್ವೀಪದ ಅಗತ್ತಿ, ಕಡಮತ್, ಕವರತ್ತಿಗಳಲ್ಲಿ ಮತ್ತೆ ಮತ್ತೆ ಮುಳುಗು ಹಾಕಿ ಲೆಕ್ಕ ಇಟ್ಟಿದ್ದಾರೆ. 1998ರಲ್ಲಿ ಸುಮಾರು 37% ಇದ್ದ ಜೀವಂತ ಹವಳದ ಹೊದಿಕೆ 2022ಕ್ಕೆ 20%ಕ್ಕಿಂತ ಕೆಳಗೆ ಬಂದಿತ್ತು. ನಡುವೆ 1998, 2010, 2016ರಲ್ಲಿ ಮೂರು ದೊಡ್ಡ ಬಿಸಿ ಏಟುಗಳು. ಎರಡು ಏಟುಗಳ ನಡುವೆ ಸುಮಾರು ಆರು ವರ್ಷ ಬಿಡುವು ಸಿಕ್ಕ ಮೇಲಷ್ಟೇ ಚೇತರಿಕೆ ವೇಗ ಪಡೆಯುತ್ತದೆ ಎನ್ನುವುದು ಅವರ ಲೆಕ್ಕದಿಂದ ಗೊತ್ತಾದ ಇನ್ನೊಂದು ಸಂಗತಿ. ಬಿಡುವು ಸಿಗುತ್ತಿಲ್ಲ. 2024ರಲ್ಲಿ ಮತ್ತೆ ಬಿಳಿಚಿತು.

ಈಗ ನನ್ನನ್ನು ಬಿಡದ ಆ ಪ್ರಶ್ನೆ. ಉಳಿಸಲು ತನ್ನ ಕೈಯಲ್ಲಾಗದ್ದನ್ನು ಮನುಷ್ಯ ಇಪ್ಪತ್ತನಾಲ್ಕು ವರ್ಷ ಯಾಕೆ ಎಣಿಸಬೇಕು? ಆಫೀಸಿನ ಗೆಳೆಯನೊಬ್ಬನಿಗೆ ಇದನ್ನು ಹೇಳಿದಾಗ ಅವನು ನಕ್ಕು, "ಸಾಯುವವನ ಕೈ ಹಿಡಿದು ನಾಡಿ ಎಣಿಸಿದರೆ ಬದುಕುತ್ತಾನೇನು?" ಎಂದ. ಆ ಮಾತಿಗೆ ತಕ್ಷಣ ಎದುರುತ್ತರ ಹೊಳೆಯಲಿಲ್ಲ.

ಉತ್ತರ ಹೊಳೆದದ್ದು ನಮ್ಮೂರ ಕೆರೆ ನೆನಪಾದಾಗ. ಅಪ್ಪ ಈಜು ಕಲಿತದ್ದು ಅದರಲ್ಲಿ. ನಾನು ಕಂಡದ್ದು ಮೊಣಕಾಲುದ್ದದ ನೀರು. ನನ್ನ ಮಗನಿಗೆ ಅದು ಕ್ರಿಕೆಟ್ ಮೈದಾನ, ಒಳ್ಳೆಯ ಮೈದಾನ. ಅವನಿಗೆ ಏನನ್ನೋ ಕಳೆದುಕೊಂಡ ದುಃಖವಿಲ್ಲ, ಇರಬೇಕೆಂದರೂ ಹೇಗೆ ಇದ್ದೀತು? ಮಾಲವಣದಲ್ಲಿ ಸಿಂಧುದುರ್ಗ ಕೋಟೆಯ ಪಕ್ಕ ಬಾಯಿಗೆ ನಳಿಕೆ ಕಚ್ಚಿಕೊಂಡು ನೀರಿನಲ್ಲಿ ಮುಖವಿಟ್ಟು ಬಂದ ಮೇಲೆ ಅವನು "ಎಷ್ಟು ಚಂದ ಅದ!" ಎಂದಿದ್ದ. ನನಗೂ ಚಂದವೇ ಕಂಡಿತ್ತು. ಅಲ್ಲಿ ಮೊದಲು ಏನಿತ್ತೆಂದು ನಮ್ಮಿಬ್ಬರಿಗೂ ಗೊತ್ತಿರಲಿಲ್ಲ. ಒಂದೊಂದು ತಲೆಮಾರೂ ತಾನು ಕಂಡದ್ದನ್ನೇ ಪೂರ್ತಿ ಎಂದುಕೊಳ್ಳುತ್ತದೆ. ಎಣಿಸಿಟ್ಟವರಿಲ್ಲದಿದ್ದರೆ ನಷ್ಟ ಆಗುವುದಷ್ಟೇ ಅಲ್ಲ, ಆಯಿತೆಂಬುದೂ ಅಳಿಸಿಹೋಗುತ್ತದೆ. ನಾಡಿ ಹಿಡಿದವನು ಬದುಕಿಸದಿರಬಹುದು. ಆದರೆ ಅವನ ಲೆಕ್ಕವಿದ್ದರೆ, ಇದು ಯಾವಾಗಲೂ ಹೀಗೇ ಇತ್ತು ಎಂದು ನಾಳೆ ಯಾರೂ ಹೇಳುವಂತಿಲ್ಲ.

ಹಾಗಾದರೆ ಎಣಿಸುವವರು ತಮ್ಮ ಕರ್ತವ್ಯ ಮಾಡಿದ್ದಾರೆ. ಉಳಿದದ್ದು ಓದುವವನದು. ಇಲ್ಲಿಗೆ ಬಂದಾಗ ನನಗೆ ಮುಜುಗರವಾಗುತ್ತದೆ.

ಓದಿದೆ, ನೊಂದೆ, ಹತ್ತು ಮಂದಿಗೆ ಹೇಳಿದೆ. ಹೇಳಿದ ಮೇಲೆ ಏನೋ ಮಾಡಿದಂಥ ಸಮಾಧಾನ. ಅದೇ ತಿಂಗಳು ನಮ್ಮ ಸೊಸೈಟಿಯ ಸಭೆಯಲ್ಲಿ, ಕೂಡಿಟ್ಟ ಹಣದಲ್ಲಿ ಛಾವಣಿಗೆ ಸೋಲಾರ್ ಹಾಕಿಸೋಣವೋ, ಲಾಬಿಗೆ ಗ್ರಾನೈಟ್ ಹಾಕಿಸೋಣವೋ ಎಂಬ ಮಾತು ಬಂತು. ಸೋಲಾರ್ ಪರವಾಗಿ ಒಬ್ಬ ನಿವೃತ್ತ ಮೇಷ್ಟ್ರು ಎದ್ದು ನಿಂತರು. ನಾನು ಏಳಲಿಲ್ಲ. ಸಭೆ ಮರಾಠಿಯಲ್ಲಿತ್ತು, ನನ್ನ ಮರಾಠಿ ತರಕಾರಿ ಕೊಳ್ಳುವಷ್ಟು. ಹೊರಗಿನಿಂದ ಬಂದವನು ಯಾಕೆ ಜಗಳಕ್ಕೆ ನಿಲ್ಲಬೇಕು ಅಂದುಕೊಂಡೆ. ಕೈ ಎತ್ತಲು ಮರಾಠಿ ಬೇಕಿರಲಿಲ್ಲ. ಗ್ರಾನೈಟ್ ಗೆದ್ದಿತು.

ನಮ್ಮ ಛಾವಣಿಯಿಂದ ಲಕ್ಷದ್ವೀಪದ ನೀರು ತಣಿಯುವುದಿಲ್ಲ, ನಿಜ. ಇದು ಬಲವಾದ ವಾದ, ನಾನೇ ನನಗೆ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ದೊಡ್ಡ ಪಾಲು ಸರಕಾರಗಳದು, ಕಲ್ಲಿದ್ದಲಿನದು, ನಮಗಿಂತ ಮೊದಲೇ ಸಿರಿವಂತರಾದ ದೇಶಗಳದು. ಆದರೆ ಪಾಲು ಚಿಕ್ಕದು ಎಂದರೆ ಪಾಲು ಇಲ್ಲ ಎಂದಲ್ಲ. 2011ರ ಜನಗಣತಿಯಲ್ಲಿ ಲಕ್ಷದ್ವೀಪದ ಜನ ಅರವತ್ತನಾಲ್ಕು ಸಾವಿರ ಚಿಲ್ಲರೆ. ಅವರ ಕಾಲಡಿಯ ನೆಲ ಹವಳ ಕಟ್ಟಿದ್ದು, ದೊಡ್ಡ ಅಲೆಗೆ ಅಡ್ಡ ನಿಲ್ಲುವುದೂ ಹವಳದ ದಿಬ್ಬವೇ. ಅವರ ಪಾಲು ನನಗಿಂತ ಚಿಕ್ಕದು, ಅವರು ತೆರುವುದು ನನಗಿಂತ ದೊಡ್ಡದು. ಅವರೆದುರು ನಿಂತು "ನನ್ನದು ಚಿಕ್ಕ ಪಾಲು" ಎನ್ನಲು ನನಗೆ ನಾಲಿಗೆ ಬರಲಿಕ್ಕಿಲ್ಲ. ಆ ದಿಬ್ಬವನ್ನು ಕಟ್ಟಿದ್ದೂ ಮಿಲಿಮೀಟರ್ ಲೆಕ್ಕದ ಪಾಲುಗಳೇ.

ಗೊತ್ತಿಲ್ಲದವನಿಗೆ ವಿನಾಯಿತಿ ಇದೆ. ಗೊತ್ತಾದ ದಿನದಿಂದ ಅದು ನನಗಿಲ್ಲ. ಯಾರದೋ ಇಪ್ಪತ್ತನಾಲ್ಕು ವರ್ಷದ ಮುಳುಗಾಟವನ್ನು ಒಂದು ಸಂಜೆಯಲ್ಲಿ ಓದಿ ಮುಗಿಸಿದವನು ಆ ಸಾಲವನ್ನು ನಿಟ್ಟುಸಿರಿನಲ್ಲಿ ತೀರಿಸಲಾಗದು.

ಅವ್ವನಿಗೆ ಅಂದು ಹೇಳಿದೆ: ಹೌದವ್ವಾ, ಸಾಯ್ತಾವ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಮತ್ತ ನೀವೆಲ್ಲಾ ಓದಿದವ್ರು ಏನ್ ಮಾಡ್ಲಿಕ್ಹತ್ತೀರಿ?" ಎಂದಳು. ಗ್ರಾನೈಟಿನ ವಿಷಯ ಅವಳಿಗೆ ಹೇಳಲಿಲ್ಲ. ಹೋದ ವಾರ ಆ ಮೇಷ್ಟ್ರ ಮನೆಗೆ ಹೋಗಿ ಬಂದೆ. ಸೋಲಾರ್ ವಿಷಯವನ್ನು ಮುಂದಿನ ಸಭೆಗೆ ಮತ್ತೆ ತರುತ್ತಾರಂತೆ. ಅರ್ಜಿಯ ಮೇಲೆ ಅವರ ಸಹಿಯ ಕೆಳಗೆ ನನ್ನದೂ ಇದೆ. ಎದ್ದು ಹೇಳಬೇಕಾದ ನಾಲ್ಕು ಮಾತುಗಳನ್ನು ಮಗನ ಕೈಯಲ್ಲಿ ಮರಾಠಿಗೆ ಮಾಡಿಸಿಕೊಂಡು ಬಾಯಿಪಾಠ ಮಾಡುತ್ತಿದ್ದೇನೆ.