ವ್ಯಸನವೆಂಬ ಮಾತಿನ ಎರಡರ್ಥ

ಕನ್ನಡದಲ್ಲಿ ವ್ಯಸನವೆಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಬಿಡಲಾಗದ ದುಶ್ಚಟವೂ ವ್ಯಸನ. ಮನಸ್ಸನ್ನು ಕೊರೆಯುವ ದುಃಖವೂ ವ್ಯಸನ. ಮಗನನ್ನು ಕುರಿತು ತಾಯಿ ವ್ಯಸನಪಡುತ್ತಾಳೆ. ಕುಡಿತಕ್ಕೆ ಬಿದ್ದ ಮಗನು ವ್ಯಸನಿಯೆನಿಸುತ್ತಾನೆ. ಸಪ್ತವ್ಯಸನಗಳನ್ನು ಎಣಿಸಿ ಹೇಳುವ ಬೋಧಕರು ಮೊದಲನೆಯ ಅರ್ಥವನ್ನೇ ಹಿಡಿದು ಎರಡನೆಯದನ್ನು ಮರೆಯುವುದುಂಟು. ಆದರೆ ಎಷ್ಟೋ ಮನೆಗಳಲ್ಲಿ ಈ ಎರಡೂ ಒಬ್ಬನೇ ಮನುಷ್ಯನೊಳಗೆ ಮನೆಮಾಡಿಕೊಂಡಿರುತ್ತವೆ.

ಕಲ್ಯಾಣದ ಶರಣಗಣದಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಹೆಂಡ ಮಾರುವುದು ಆತನ ಕಾಯಕ. ಕುಡಿಯಲು ಬಂದವರಿಗೆ ಕುಡಿತದ ಕೇಡನ್ನು ತಿಳಿಯಹೇಳಿ ಅವರನ್ನು ತಿದ್ದುತ್ತಿದ್ದನೆಂದು ಪರಂಪರೆ ಹೇಳುತ್ತದೆ. ವ್ಯಾಪಾರದ ದೃಷ್ಟಿಗೆ ಇದು ವಿಚಿತ್ರವೇ ಸರಿ! ಕುಡುಕನು ಶುಚಿಯಾಗಿ ಬರಲೆಂದು ಮಾರಯ್ಯನು ಕಾಯಲಿಲ್ಲ. ಆತನು ಬರುವ ಎಡೆಯಲ್ಲಿಯೇ ಕುಳಿತಿದ್ದನು. ಅದೇ ಗಣದಲ್ಲಿ ವೈದ್ಯ ಸಂಗಣ್ಣನೂ ಉಂಟು. ವೈದ್ಯವೃತ್ತಿಯ ಪರಿಭಾಷೆಯಲ್ಲಿಯೇ ವಚನ ನುಡಿದ ಶರಣನಾತನು. ಒಬ್ಬನದು ಮಾತಿನ ಕಾಯಕ, ಮತ್ತೊಬ್ಬನದು ಮದ್ದಿನ ಕಾಯಕ. ಇವುಗಳಲ್ಲಿ ಒಂದು ಮೇಲು, ಮತ್ತೊಂದು ಕೀಳು ಎಂದು ಶರಣರು ಬಗೆಯಲಿಲ್ಲ.

ಈ ಪರಂಪರೆಯ ಬೆಳಕಿನಲ್ಲಿ ಇಳಕಲ್ಲಿನ ವಿಜಯಮಹಾಂತೇಶ ಮಠದ ಡಾ. ಮಹಾಂತ ಶಿವಯೋಗಿಗಳು ೧೯೭೫ರಲ್ಲಿ ಜೋಳಿಗೆ ಹಿಡಿದು ಹೊರಟರು. ಆ ಜೋಳಿಗೆ ಕಾಳುಕಡಿಯನ್ನು ಬೇಡಲಿಲ್ಲ, ಕಾಂಚನವನ್ನು ಬೇಡಲಿಲ್ಲ. ಜನರ ದುಶ್ಚಟಗಳನ್ನು ಬೇಡಿತು. ಪೂಜ್ಯರು ೨೦೧೮ರಲ್ಲಿ ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ ೧ ಕರ್ನಾಟಕದಲ್ಲಿ ವ್ಯಸನಮುಕ್ತ ದಿನವಾಗಿ ಆಚರಿಸಲ್ಪಡುತ್ತಿದೆ. ಮಹಾಂತ ಜೋಳಿಗೆಗೆ ಚಟವನ್ನು ಹಾಕಿ ಬಾಳನ್ನು ಮರಳಿ ಪಡೆದವರು ಅನೇಕರು.

ಹಾಕಿದ ಚಟವನ್ನು ಮರುವಾರವೇ ಮರಳಿ ತೆಗೆದುಕೊಂಡವನ ಗತಿಯೇನು? ಒಬ್ಬ ನೇಕಾರನನ್ನು ಭಾವಿಸಿಕೊಳ್ಳಬಹುದು. ಕುಡಿತಕ್ಕೆ ಮುಂಚೆಯೇ ಎರಡು ವರ್ಷಗಳಿಂದ ಆತನಿಗೆ ರಾತ್ರಿ ನಿದ್ರೆಯಿಲ್ಲ, ಕಾರಣವಿಲ್ಲದ ಭಯ, ಮಗ್ಗದ ಮುಂದೆ ಕುಳಿತರೆ ಕೈ ಸಾಗದು. ಯಾರೋ ಕುಡಿಸಿದರು, ಅಂದು ನಿದ್ರೆ ಬಂದಿತು. ಕೆಲವು ತಿಂಗಳಲ್ಲಿ ಅಷ್ಟಕ್ಕೆ ನಿದ್ರೆ ಬಾರದಾಗಿ ಅಳತೆ ಇಮ್ಮಡಿಯಾಯಿತು. ಮದ್ಯವು ಮಿದುಳನ್ನು ಮಂಕುಗೊಳಿಸುತ್ತದೆ. ಮಿದುಳು ಅದನ್ನು ಸರಿದೂಗಿಸಲು ತನ್ನ ಉದ್ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ಮದ್ಯವಿಳಿದೊಡನೆ ಆ ಉದ್ವೇಗವೊಂದೇ ಉಳಿಯುತ್ತದೆ. ಹೀಗೆ ಭಯಕ್ಕೆಂದು ಕುಡಿದವನಿಗೆ ಕುಡಿತವೇ ಭಯವನ್ನು ಬಡ್ಡಿಸಹಿತ ಹಿಂದಿರುಗಿಸುತ್ತದೆ. ಜೋಳಿಗೆಗೆ ಚಟ ಹಾಕಿದ ಹತ್ತನೆಯ ದಿನ ಹಳೆಯ ಭಯ ಬಾಗಿಲು ತಟ್ಟಿತು. ಆತನು ಅಂಗಡಿಗೆ ನಡೆದನು. ಊರು ‘ಮಾತಿಗೆ ತಪ್ಪಿದವ’ ಎಂದಿತು. ಆತನು ಬಿಟ್ಟದ್ದು ಒಂದು ವ್ಯಸನ. ಇನ್ನೊಂದನ್ನು ಯಾರೂ ಕೇಳಿರಲಿಲ್ಲ.

ಯಾವುದು ಮೊದಲು, ಯಾವುದು ಅನಂತರ ಎಂಬುದನ್ನು ಅರಿಯಲು ಮನೋವೈದ್ಯರು ಮನೆಯವರನ್ನೂ ವಿಚಾರಿಸುತ್ತಾರೆ. ಕುಡಿತಕ್ಕೆ ಮುನ್ನ ಹೇಗಿದ್ದನು, ಬಿಟ್ಟಿದ್ದ ದಿನಗಳಲ್ಲಿ ಹೇಗಿದ್ದನು ಎಂದು. ಕುಡಿತದಿಂದಲೇ ಹುಟ್ಟಿದ ಖಿನ್ನತೆಯು ಕುಡಿತ ನಿಂತ ಮೂರು ನಾಲ್ಕು ವಾರಗಳಲ್ಲಿ ಬಹುಮಟ್ಟಿಗೆ ಇಳಿಯುವುದುಂಟು. ಇಳಿಯದಿದ್ದರೆ ಅದು ಸ್ವತಂತ್ರ ವ್ಯಾಧಿಯಾಗಿರಬಹುದು. ಸಾವಿನ ಮಾತನಾಡುವವನಿಗೆ, ಇಲ್ಲದ ಧ್ವನಿ ಕೇಳುವವನಿಗೆ ಮಾತ್ರ ಈ ಕಾಯುವಿಕೆ ಸಲ್ಲದು. ‘ಮೊದಲು ಕುಡಿತ ಬಿಟ್ಟು ಬಾ’ ಎಂದು ಒಂದು ಕಡೆ, ‘ಮೊದಲು ತಲೆ ಸರಿಮಾಡಿಕೊಂಡು ಬಾ’ ಎಂದು ಇನ್ನೊಂದು ಕಡೆ ಅಟ್ಟಿದರೆ ರೋಗಿಯು ದಾರಿಯಲ್ಲಿಯೇ ಸವೆಯುತ್ತಾನೆ. ಎರಡಕ್ಕೂ ಒಟ್ಟಿಗೆ ಚಿಕಿತ್ಸೆ ನಡೆಯಬೇಕು. ೨೦೧೭ರ ಮಾನಸಿಕ ಆರೋಗ್ಯ ಕಾಯಿದೆಯು ಮದ್ಯ ಮತ್ತು ಮಾದಕಗಳ ದುರ್ಬಳಕೆಗೆ ಸಂಬಂಧಿಸಿದ ಮನೋಸ್ಥಿತಿಗಳನ್ನು ಮಾನಸಿಕ ಅನಾರೋಗ್ಯದ ವ್ಯಾಖ್ಯೆಯಲ್ಲಿಯೇ ಸೇರಿಸಿದೆ. ದೆಹಲಿಯ ಏಮ್ಸ್ ನಡೆಸಿ ೨೦೧೯ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ಮದ್ಯದ ಕಾರಣಕ್ಕೆ ನೆರವು ಬೇಕಾದವರು ದೇಶದಲ್ಲಿ ಸುಮಾರು ೫ ಕೋಟಿ ೭೦ ಲಕ್ಷ.

ಇಲ್ಲಿ ಭಕ್ತರು ವಿಶೇಷವಾಗಿ ಅರಿಯಬೇಕಾದ ಸಂಗತಿಯೊಂದುಂಟು. ನಿತ್ಯವೂ ವಿಪರೀತ ಕುಡಿಯುವವನು ಒಮ್ಮೆಲೇ ನಿಲ್ಲಿಸಿದರೆ ಮೊದಲ ದಿನವೇ ಕೈ ನಡುಗಿ ಬೆವರು ಕಿತ್ತುಬರಬಹುದು. ಎರಡು ದಿನಗಳೊಳಗೆ ಮೂರ್ಛೆಯ ಸೆಳವು ಬರಬಹುದು. ೪೮ರಿಂದ ೯೬ ಗಂಟೆಗಳ ಸುಮಾರಿಗೆ ಬುದ್ಧಿಭ್ರಮೆಯಾಗಿ, ಗೋಡೆಯ ಮೇಲೆ ಇಲ್ಲದ ಹುಳುಹುಪ್ಪಟೆ ಕಾಣಬಹುದು. ಇದು ದೆವ್ವದ ಕಾಟವಲ್ಲ, ದೇವರ ಮುನಿಸಲ್ಲ. ಮಂತ್ರವಾದಿಯ ಮನೆಗೆ ಒಯ್ದು ಕಳೆಯುವ ಗಂಟೆಗಳಲ್ಲಿ ಪ್ರಾಣವೇ ಹೋಗಬಹುದು. ಆದಕಾರಣ ಇಂಥವನು ವ್ರತ ತೊಡುವ ದಿನವೇ ಆಸ್ಪತ್ರೆಯನ್ನೂ ಕಾಣಬೇಕು. ಅಲ್ಲಿ ನಡುಕಕ್ಕೆ ಔಷಧವುಂಟು. ಮಿದುಳು ಕೆಡದಂತೆ ಥಯಮಿನ್ ಎಂಬ ಜೀವಸತ್ತ್ವವನ್ನೂ ಕೊಡುತ್ತಾರೆ.

ಗುಳಿಗೆಯೂ ಒಂದು ಅಮಲೇ ಅಲ್ಲವೆ, ಲಿಂಗನಿಷ್ಠೆಯಿದ್ದವನಿಗೆ ಅದೇಕೆ ಎಂದು ಕೇಳುವವರುಂಟು. ಕೆಲವು ನಿದ್ರೆಯ ಗುಳಿಗೆಗಳು ಚಟವಾಗಬಲ್ಲವು ಎಂಬುದು ನಿಜ. ಎಂತಲೇ ಅವು ವೈದ್ಯರ ಕೈಯಲ್ಲಿರಬೇಕು, ಅಂಗಡಿಯವನ ಕೈಯಲ್ಲಲ್ಲ. ಖಿನ್ನತೆಗೆ ಕೊಡುವ ಸಾಮಾನ್ಯ ಔಷಧಗಳು ಆ ಬಗೆಯವಲ್ಲ. ಅವು ಗುಣ ತೋರಲು ಕೆಲವು ವಾರಗಳೇ ಬೇಕು. ಲಿಂಗವಂತನ ಕಾಯವು ಪ್ರಸಾದಕಾಯ. ಲಿಂಗಕ್ಕೆ ಅರ್ಪಿಸದೆ ಆತನು ಏನನ್ನೂ ಕೊಳ್ಳನು. ಅರ್ಪಿಸಿ ಕೊಂಡ ಅನ್ನವು ಪ್ರಸಾದವಾಗುವುದಾದರೆ, ಅರ್ಪಿಸಿ ಕೊಂಡ ಔಷಧವು ಅನ್ಯವಾಗುವುದು ಹೇಗೆ? ರೋಗವೆಂದೊಡನೆ ಹೊಣೆ ತಪ್ಪಿತೆಂದು ಭಾವಿಸಬೇಕಾಗಿಲ್ಲ. ರೋಗ ಬಂದುದು ಆತನ ಅಪರಾಧವಲ್ಲ. ಮದ್ದನ್ನು ತಪ್ಪದೆ ಕೊಳ್ಳುವುದು ಆತನ ಕಾಯಕ.

ಮನೆಯವರಿಗೂ ಹೇಳಬೇಕಾದುದಿದೆ. ನಡುರಾತ್ರಿ ದಿಕ್ಕುತೋಚದ ಹೆಂಡತಿಗೆ ೨೦೨೨ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ ೧೪೪೧೬ ಉಚಿತವಾಗಿ ದೊರೆಯುತ್ತದೆ; ಕನ್ನಡದಲ್ಲಿಯೇ ಮಾತನಾಡಬಹುದು. ಅಲ್ಲಿಗೆ ಕರೆಮಾಡುವುದು ಮನೆತನದ ಮರ್ಯಾದೆಗೆ ಕುಂದಲ್ಲ.

ಆ ನೇಕಾರನು ಒಂದು ಸಂಜೆ ಮಠದ ಕಟ್ಟೆಯ ಬಳಿ ಮತ್ತೆ ಬಂದು, ಮೇಲೆ ಹತ್ತದೆ ತಲೆತಗ್ಗಿಸಿ ನಿಲ್ಲುತ್ತಾನೆಂದು ಭಾವಿಸೋಣ. ಸ್ವಾಮಿಗಳು ವ್ರತವನ್ನೇಕೆ ಮುರಿದೆಯೆಂದು ಕೇಳುವುದಿಲ್ಲ. ಹತ್ತಿರ ಕರೆದು, ನಿದ್ರೆ ಕೆಟ್ಟು ಎಷ್ಟು ಕಾಲವಾಯಿತೆಂದು ಕೇಳುತ್ತಾರೆ.

“ಕುಡಿಯೂದಕ್ಕಿಂತ ಮೊದಲಿನಿಂದ, ಅಪ್ಪಾರ” ಎನ್ನುತ್ತಾನೆ ಆತನು. ಇದನ್ನು ಆತನು ಬಾಯಿಬಿಟ್ಟು ಹೇಳುವುದು ಇದೇ ಮೊದಲು.