ಹಿಡಿಕೆಯನ್ನು ಎತ್ತರಿಸುವ ಹಕ್ಕು

ಸಾಹಿತ್ಯದ ಹಾಳೆಗಳಲ್ಲಿ ಮೋಟಾರು ಸೈಕಲ್ಲಿನ ವಿಚಾರಕ್ಕೆ ಎಡೆಯುಂಟೇ ಎಂದು ವಾಚಕರಲ್ಲಿ ಕೆಲವರು ಹುಬ್ಬೇರಿಸಬಹುದು. ಧರ್ಮಾಧರ್ಮಗಳ ಜಿಜ್ಞಾಸೆಗೆ ಹರಿಶ್ಚಂದ್ರನ ಸುಡುಗಾಡೇ ಆಗಬೇಕೆಂದಿಲ್ಲ. ಮೆಕ್ಯಾನಿಕನ ಅಂಗಡಿಯ ಎಣ್ಣೆ ಬಿದ್ದ ನೆಲವೂ ಸಾಕು. ನಾವು ಎತ್ತಿಕೊಂಡಿರುವ ಪ್ರಶ್ನೆ ಇದು: ಒಬ್ಬನು ಮಾಡಿದ ವಸ್ತುವನ್ನು ಹಣ ತೆತ್ತು ಕೊಂಡ ಇನ್ನೊಬ್ಬನು ತನ್ನ ಮೈಗೆ ಹೊಂದುವಂತೆ ಅದನ್ನು ಎಲ್ಲಿಯವರೆಗೆ ತಿದ್ದಬಹುದು? ತಿದ್ದಿದ ಮೇಲೆ ಅದರಿಂದಾಗುವ ಒಳಿತು ಕೆಡಕುಗಳು ಯಾರ ಲೆಕ್ಕಕ್ಕೆ ಸೇರತಕ್ಕವು?

ಕ್ರೂಸರ್ ಎಂಬ ಬಗೆಯ ಮೋಟಾರು ಸೈಕಲ್ಲನ್ನು ಈಗ ನೋಡದವರು ಕಡಮೆ. ನೀಳವಾದ ಮೈ, ತಗ್ಗಾದ ಆಸನ, ಮುಂದಕ್ಕೆ ಚಾಚಿದ ಕಾಲು. ಇದರ ತವರು ಅಮೆರಿಕೆಯ ನೇರವಾದ ದೂರದ ಹೆದ್ದಾರಿಗಳು. ನಮ್ಮಲ್ಲಿ 2005ರಲ್ಲಿ ಬಜಾಜ್ ಅವೆಂಜರ್, 2020ರಲ್ಲಿ ರಾಯಲ್ ಎನ್‌ಫೀಲ್ಡಿನವರ ಮೀಟಿಯಾರ್ 350 ಬಂದು ಈ ಕೂರುವ ರೀತಿಯನ್ನು ಸಾಮಾನ್ಯ ಜನರಿಗೂ ಪರಿಚಯಿಸಿದುವು. ಇಂಥ ಗಾಡಿಯನ್ನು ಕೊಂಡವರು ಮೊದಲು ಬದಲಿಸಲು ಬಯಸುವ ಭಾಗ ಹ್ಯಾಂಡಲು. ಕಾಲು ಮುಂದಿರುವುದರಿಂದ ದೇಹದ ಭಾರವೆಲ್ಲ ಬೆನ್ನಿನ ಬುಡಕ್ಕೆ ಇಳಿಯುತ್ತದೆ. ಹ್ಯಾಂಡಲು ದೂರವಿದ್ದರೆ ಬೆನ್ನು ಬಾಗುತ್ತದೆ, ಭುಜ ಎಳೆಯುತ್ತದೆ, ಮಣಿಕಟ್ಟು ಜೋಮು ಹಿಡಿಯುತ್ತದೆ. ಆಗ ಎರಡು ಉಪಾಯಗಳುಂಟು. ಬೇರೆ ಬಾಗಿನ ಹ್ಯಾಂಡಲನ್ನೇ ಹಾಕುವುದು ಒಂದು; ಇದ್ದ ಹ್ಯಾಂಡಲಿನ ಕೆಳಗೆ ರೈಸರ್ ಎಂಬ ಲೋಹದ ಗಟ್ಟಿಗಳನ್ನಿಟ್ಟು ಅದನ್ನು ಒಂದೆರಡು ಅಂಗುಲ ಮೇಲಕ್ಕೂ ಹಿಂದಕ್ಕೂ ತರುವುದು ಇನ್ನೊಂದು.

ನಮ್ಮ ಹೊಸೂರಿನ ಸ್ನೇಹಿತರೊಬ್ಬರು ಮಾಡಿಸಿದುದು ಎರಡನೆಯದನ್ನು. ಐವತ್ತು ದಾಟಿದವರು, ತೋಳು ಗಿಡ್ಡ, ಬಲ ಭುಜದಲ್ಲಿ ಹಳೆಯ ನೋವು. ವಾರಕ್ಕೊಮ್ಮೆ ಕೃಷ್ಣಗಿರಿಯವರೆಗೆ, ಸುಮಾರು 50 ಕಿಲೋಮೀಟರು, ಮಡದಿಯನ್ನು ಹಿಂದೆ ಕೂರಿಸಿಕೊಂಡು ಹೋಗಿ ಬರಬೇಕಾದವರು. ಅವರ ಮಗ ಇದನ್ನು ಒಪ್ಪಲಿಲ್ಲ. ಕಂಪೆನಿಯ ಇಂಜಿನಿಯರುಗಳು ವರ್ಷಗಟ್ಟಲೆ ತಲೆಯೋಡಿಸಿ ಮಾಡಿದುದನ್ನು ನೀವೇಕೆ ಕೆಡಿಸುವಿರಿ, ಅಭ್ಯಾಸವಾದರೆ ಮೈಯೇ ಹೊಂದಿಕೊಳ್ಳುವುದು ಎಂಬುದು ಅವನ ವಾದ. ತಂದೆಯವರ ವಾದ: ಗಾಡಿ ನನ್ನದು, ಭುಜ ನನ್ನದು. ಇಬ್ಬರ ಮಾತುಗಳಲ್ಲೂ ಅರ್ಧರ್ಧ ಸತ್ಯವಿದೆಯೆಂದು ನಮಗೆ ತೋರುತ್ತದೆ. ಆ ಅರ್ಧಗಳನ್ನು ಕೂಡಿಸಿದರೂ ಪೂರ್ಣ ಸತ್ಯವಾಗದು.

ಮಗನ ಮಾತನ್ನು ಮೊದಲು ನೋಡೋಣ. ತಯಾರಕನು ಯಾರ ಅಳತೆಗೆ ಗಾಡಿಯನ್ನು ಮಾಡುತ್ತಾನೆ? ಲಕ್ಷಗಟ್ಟಲೆ ಜನರಿಗೆ ಮಾರುವವನು ಒಬ್ಬ ನಡುವಣ ಮನುಷ್ಯನನ್ನು ಮನಸ್ಸಿನಲ್ಲಿ ಕಲ್ಪಿಸಿಕೊಳ್ಳಲೇಬೇಕು. ಆ ನಡುವಣ ಮನುಷ್ಯನು ನಿಜಕ್ಕೂ ಇರುವನೇ? 1950ರಲ್ಲಿ ಅಮೆರಿಕೆಯ ವಾಯುಪಡೆಯವರು ತಮ್ಮ ವಿಮಾನಚಾಲಕರ ಮೈಯಳತೆಗಳನ್ನು ತೆಗೆಸಿದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ತರುಣ ಸಂಶೋಧಕನು ಅವರಲ್ಲಿ 4,063 ಜನರ 10 ಅಳತೆಗಳನ್ನು ಆಯ್ದುಕೊಂಡು, ಹತ್ತರಲ್ಲೂ ಸರಾಸರಿಯ ಆಸುಪಾಸಿನಲ್ಲಿರುವವರು ಎಷ್ಟು ಮಂದಿ ಎಂದು ಲೆಕ್ಕ ಹಾಕಿದನು. ಒಬ್ಬನೂ ಇರಲಿಲ್ಲ. ಒಬ್ಬನ ತೋಳು ಉದ್ದ, ಕಾಲು ಗಿಡ್ಡ. ಇನ್ನೊಬ್ಬನ ಎದೆ ಅಗಲ, ಸೊಂಟ ಸಣ್ಣ. ಸರಾಸರಿ ಚಾಲಕನಿಗಾಗಿ ಮಾಡಿದ ಆಸನವು ಯಾರಿಗಾಗಿಯೂ ಮಾಡಿದ ಆಸನವಾಗಿರಲಿಲ್ಲ. ಚಾಲಕನ ಮೈಗೆ ತಕ್ಕಂತೆ ಹೊಂದಿಸಬಲ್ಲ ಆಸನಗಳತ್ತ ವಾಯುಪಡೆಯವರು ಹೊರಳಿದುದರಲ್ಲಿ ಈ ವಿಚಾರದ ಪಾಲೂ ಉಂಟು.

ಮಕ್ಕಳಿಗೆ ಪಾಠ ಹೇಳುವ ನಮಗೆ ಈ ಲೆಕ್ಕ ಹೊಸದೆನಿಸಲಿಲ್ಲ. ಒಂದೇ ಅಳತೆಯ ಬೆಂಚಿನ ಮೇಲೆ ಒಬ್ಬನ ಕಾಲು ನೆಲ ಮುಟ್ಟುವುದಿಲ್ಲ, ಇನ್ನೊಬ್ಬನ ಮೊಣಕಾಲು ಮೇಜಿಗೆ ತಾಗುತ್ತದೆ. ಆ ಹುಡುಗನಿಗೆ 'ನೆಟ್ಟಗೆ ಕೂರು' ಎಂದು ಗದರುವುದು ಬಹಳ ಸುಲಭ.

ಹಳೆಯ ಕಾಲದಲ್ಲಿ ಈ ತೊಡಕೇ ಇರಲಿಲ್ಲ. ಊರಿನ ಬಡಗಿ ನೇಗಿಲಿಗೆ ಮೇಳಿ ಕೂರಿಸುವಾಗ ಅದನ್ನು ಹಿಡಿಯುವವನು ಎದುರಿಗೇ ನಿಂತಿರುತ್ತಿದ್ದನು. ಎತ್ತರವಾದವನಿಗೆ ಎತ್ತರದ ಮೇಳಿ, ಗಿಡ್ಡನಿಗೆ ತಗ್ಗು. ಮಾಡುವವನಿಗೂ ಹಿಡಿಯುವವನಿಗೂ ನಡುವೆ ಕಣ್ಣಿನ ಪರಿಚಯವಿತ್ತು. ಕಾರ್ಖಾನೆ ಬಂದು ಆ ಪರಿಚಯವನ್ನು ಕಡಿಯಿತು. ಅದರಿಂದ ನಮಗೆ ಲಾಭವೂ ಆಗಿದೆ. ಬಡಗಿಯ ಕೈಯಲ್ಲಿ ಮೋಟಾರು ಸೈಕಲ್ಲು ಹುಟ್ಟುತ್ತಿರಲಿಲ್ಲ. ಆದರೆ ಅಳತೆ ನೋಡಿ ಮಾಡುವ ಕೊನೆಯ ಕೆಲಸ ಹಾಗೆಯೇ ಉಳಿದುಹೋಯಿತು. ಹ್ಯಾಂಡಲಿಗೆ ರೈಸರ್ ಹಾಕಿಸುವವನು ಆ ಉಳಿದ ಕೆಲಸವನ್ನು ಮುಗಿಸುತ್ತಿದ್ದಾನೆಂದು ತಿಳಿದರೆ, ತಯಾರಕನಿಗೆ ಅಪಚಾರವೇನೂ ಆಗುವುದಿಲ್ಲ.

ತಿದ್ದಿದ ಮೇಲೆ ಅದು ಅದೇ ಗಾಡಿಯೋ ಬೇರೆಯೋ ಎಂಬ ತತ್ತ್ವಶಾಸ್ತ್ರದ ಪ್ರಶ್ನೆಯೂ ಇದೆಯಷ್ಟೆ. ನಾಗಸೇನ ಭಿಕ್ಷುವು ಮಿಲಿಂದ ರಾಜನಿಗೆ ರಥವನ್ನು ತೋರಿಸಿ, ಇದರಲ್ಲಿ ಅಚ್ಚು ರಥವೇ, ಗಾಲಿ ರಥವೇ ಎಂದು ಕೇಳುತ್ತ ಹೋದ ಸಂಗತಿ ಬಲ್ಲವರಿಗೆ ಗೊತ್ತೇ ಇದೆ. ನಮ್ಮ ಸರಕಾರ ಈ ತೊಡಕನ್ನು ಒಂದೇ ಏಟಿಗೆ ಬಿಡಿಸಿದೆ: ಚಾಸಿಸ್ ನಂಬರೇ ಗಾಡಿಯ ಆತ್ಮ! ಅಷ್ಟಕ್ಕೇ ಬಿಟ್ಟು ಮುಂದೆ ಹೋಗೋಣ.

ತಂದೆಯವರ ಮಾತು ಹೆಚ್ಚು ಅಪಾಯಕಾರಿಯಾದುದು. 'ಗಾಡಿ ನನ್ನದು' ಎಂದಾಗ ಅವರು ಕಣ್ಣಿಗೆ ಕಾಣುವ ಹ್ಯಾಂಡಲನ್ನಷ್ಟೇ ನೆನೆದಿದ್ದರು. ಆದರೆ ಹ್ಯಾಂಡಲು ಒಂಟಿಯಾಗಿಲ್ಲ. ಕ್ಲಚ್ಚಿನ ಕೇಬಲು, ಆಕ್ಸಿಲರೇಟರಿನ ಕೇಬಲು, ಮುಂದಿನ ಬ್ರೇಕಿನ ಎಣ್ಣೆಕೊಳವೆ, ದೀಪ ಮತ್ತು ಹಾರ್ನಿನ ತಂತಿಗಳು, ಇವೆಲ್ಲ ಮೊದಲಿನ ಎತ್ತರಕ್ಕೆ ಲೆಕ್ಕ ಹಾಕಿ ಕತ್ತರಿಸಿದವು. ಹ್ಯಾಂಡಲನ್ನು 2 ಅಂಗುಲ ಎತ್ತಿದರೆ ನೇರವಾಗಿ ನಿಂತಾಗ ಎಲ್ಲವೂ ಸರಿಯಾಗಿಯೇ ಕಾಣುವುದು. ಒಂದು ಕೊನೆಯವರೆಗೆ ಪೂರ್ತಿ ತಿರುಗಿಸಿದಾಗ ಮಾತ್ರ ಸತ್ಯ ಹೊರಬೀಳುತ್ತದೆ. ಕ್ಲಚ್ಚಿನ ಕೇಬಲು ಬಿಗಿದು ಕ್ಲಚ್ಚು ತಾನಾಗಿಯೇ ಅರೆಬಿಡುತ್ತದೆ. ಆಕ್ಸಿಲರೇಟರಿನ ಕೇಬಲು ಬಿಗಿದು, ಕೈ ತಿರುವದೆಯೇ ಇಂಜಿನ್ನು ಗರ್ಜಿಸುತ್ತದೆ. ಸಂದಿಯಲ್ಲಿ ಗಾಡಿಯನ್ನು ಮೆಲ್ಲನೆ ಹೊರಳಿಸುವಾಗ ಅದು ಮುನ್ನುಗ್ಗಿದರೆ ಎದುರಿಗೆ ಗೋಲಿಯಾಡುತ್ತಿರುವ ಹುಡುಗನ ಗತಿಯೇನು? ಅದಕ್ಕೆ ಬಲ್ಲ ಮೆಕ್ಯಾನಿಕರು ಇಂಜಿನ್ನನ್ನು ಸಣ್ಣಗೆ ಓಡಲು ಬಿಟ್ಟು ಹ್ಯಾಂಡಲನ್ನು ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ ಕಿವಿಗೊಡುತ್ತಾರೆ. ಸದ್ದು ಏರಿತೆಂದರೆ ಉದ್ದನೆಯ ಕೇಬಲು ಬೇಕೇ ಬೇಕು. ಬ್ರೇಕಿನ ಕೊಳವೆಯನ್ನು ಬದಲಿಸಿದರೆ ಒಳಗೆ ಸೇರಿದ ಗಾಳಿಯನ್ನೆಲ್ಲ ತೆಗೆಯಬೇಕು; ಒಂದು ಗುಳ್ಳೆ ಉಳಿದರೂ ಹಿಡಿ ಮೆತ್ತಗಾಗುವುದು, ಗಾಡಿ ನಿಲ್ಲಬೇಕಾದಲ್ಲಿ ನಿಲ್ಲದು.

ಇನ್ನೊಂದು ಸಣ್ಣ ಸಂಗತಿಯಿದೆ. ನಮಗೆ ಈ ಇಡೀ ಪ್ರಶ್ನೆಯ ತಿರುಳು ಅದರಲ್ಲಿಯೇ ಅಡಗಿದಂತೆ ತೋರಿತು. ಹ್ಯಾಂಡಲಿನ ಮೇಲೆ ಕೂರುವ ಸ್ವಿಚ್ಚಿನ ಡಬ್ಬಿಯೊಳಗೆ ಕೆಲವು ಗಾಡಿಗಳಲ್ಲಿ ಒಂದು ಪುಟ್ಟ ಮೊಳೆಯಿರುತ್ತದೆ. ಅದು ಹ್ಯಾಂಡಲಿನ ಕೊಳವೆಯಲ್ಲಿರುವ ಒಂದು ತೂತಿನಲ್ಲಿ ಕೂತು, ಡಬ್ಬಿ ಸುತ್ತದಂತೆ ತಡೆಯುತ್ತದೆ. ಪೇಟೆಯಲ್ಲಿ ಕೊಂಡ ಹೊಸ ಹ್ಯಾಂಡಲಿನಲ್ಲಿ ಆ ತೂತು ಇಲ್ಲದಿದ್ದರೆ ದಾರಿ ಎರಡು: ಅಳೆದು ಗುರುತಿಟ್ಟು ಸರಿಯಾದ ಜಾಗದಲ್ಲಿ ತೂತು ಕೊರೆಯುವುದು, ಇಲ್ಲವೆ ಇಕ್ಕಳದಿಂದ ಆ ಮೊಳೆಯನ್ನು ಮುರಿದು ಬಿಸಾಡುವುದು. ಮೊದಲನೆಯದಕ್ಕೆ ಅರ್ಧ ಗಂಟೆಯಾದರೂ ಬೇಕು, ಎರಡನೆಯದಕ್ಕೆ ಅರ್ಧ ನಿಮಿಷ ಸಾಕು. ಡಬ್ಬಿಯನ್ನು ಮುಚ್ಚಿದ ಮೇಲೆ ಎರಡೂ ಒಂದೇ ತೆರನಾಗಿ ಕಾಣುತ್ತವೆ. ಗಾಡಿಯ ಒಡೆಯನು ಪಕ್ಕದಲ್ಲಿ ಚಹಾ ಕುಡಿಯುತ್ತಿರುತ್ತಾನೆ.

ಮೊಳೆಯನ್ನು ಅಲ್ಲಿಟ್ಟವನು ಕಂಪೆನಿಯ ಯಾವನೋ ಇಂಜಿನಿಯರು. ಮಳೆಯಲ್ಲಿ ಒದ್ದೆಯಾದ ಕೈ ಜೋರಾಗಿ ತಿರುಗಿಸಿದಾಗ ಡಬ್ಬಿ ಜಾರಬಾರದೆಂದು ಅವನು ಎಲ್ಲಿಯೋ ಕುಳಿತು ಯೋಚಿಸಿದ್ದನು. ಹ್ಯಾಂಡಲನ್ನು ಬದಲಿಸಿದ ಕ್ಷಣದಲ್ಲಿ ಆ ಯೋಚನೆ ಅವನ ಕೆಲಸವಾಗಿ ಉಳಿಯುವುದಿಲ್ಲ. ಅದು ಬದಲಿಸಿದವನ ಕೆಲಸವಾಗುತ್ತದೆ. ವಸ್ತುವನ್ನು ಕೊಂಡವನಿಗೆ ಅದು ಸ್ವಂತವಾಗುವುದು ನಿಜ; ಆದರೆ ಅದನ್ನು ತಿದ್ದುವವನು ಒಡೆಯನ ಸ್ಥಾನದಿಂದೆದ್ದು ಅಷ್ಟರ ಮಟ್ಟಿಗೆ ತಯಾರಕನ ಸ್ಥಾನದಲ್ಲಿ ಕೂರುತ್ತಾನೆ. ಹಕ್ಕು ಬೇಕೆಂದು ಕೇಳುವ ನಮ್ಮ ಜನ ಈ ಪೀಠದ ಭಾರವನ್ನು ಲೆಕ್ಕಿಸುವುದೇ ಇಲ್ಲವೆಂಬುದು ನಮ್ಮ ಆಕ್ಷೇಪ. ಭುಜ ತನ್ನದೆಂದರಲ್ಲ ಸ್ನೇಹಿತರು, ಹಿಂದೆ ಕೂತ ಮಡದಿಯ ಭುಜವೂ ಅವರದೇ?

ಅಲಂಕಾರಕ್ಕಾಗಿ ಎತ್ತರಿಸುವವರ ಮಾತೇ ಬೇರೆ. ಎರಡನೆಯ ಮಹಾಯುದ್ಧದಿಂದ ಮರಳಿದ ಅಮೆರಿಕದ ಸೈನಿಕರು ಗಾಡಿಗಳ ಹೆಚ್ಚಿನ ಭಾಗಗಳನ್ನು ಕಿತ್ತು ಹಗುರ ಮಾಡಿದರು. ಅವರ ಹಿಂದೆ ಬಂದವರು ಮುಂಭಾಗವನ್ನು ಉದ್ದಮಾಡಿ, ಕೋತಿ ಕೊಂಬೆಗೆ ಜೋತಂತೆ ಕಾಣುವ ಎತ್ತರದ ಹ್ಯಾಂಡಲುಗಳನ್ನು ಹಾಕಿಸಿದರು. 1969ರ 'ಈಜಿ ರೈಡರ್' ಚಲಚ್ಚಿತ್ರ ಅಂಥ ಗಾಡಿಗಳನ್ನು ಲೋಕವಿಖ್ಯಾತ ಮಾಡಿತು. ಅವುಗಳನ್ನು ರೂಪಿಸಿದ ಕ್ಲಿಫ್ ವಾಸ್ ಮತ್ತು ಬೆನ್ ಹಾರ್ಡಿ ಎಂಬ ಕರಿಯ ಕುಶಲಿಗಳ ಹೆಸರು ಮಾತ್ರ ಚಿತ್ರದಲ್ಲಿ ಬರಲಿಲ್ಲ. ಕೈಕೆಲಸದವನ ಹೆಸರು ಎಲ್ಲೆಲ್ಲಿಯೂ ಹೀಗೆಯೇ ಅಳಿಯುವುದೇನೋ. ಶೋಕಿ ಪಾಪವೆಂದು ನಾವು ಹೇಳೆವು. ಎತ್ತಿನ ಕೊಂಬಿಗೆ ಬಣ್ಣ ಹಚ್ಚಿ ಕೊಂಬೆಣಸು ಹಾಕುವ ನಾಡಿನವರು ನಾವು. ಆದರೆ ಬಣ್ಣ ಹಚ್ಚಿದುದರಿಂದ ಎತ್ತು ದಾರಿ ತಪ್ಪುವುದಿಲ್ಲ. ಕೈ ಹೆಗಲಿಗಿಂತ ಮೇಲೇರಿದರೆ ತೋಳು ಬೇಗ ಸೋಲುತ್ತದೆ, ಗಾಡಿಯ ಮೇಲಿನ ಹಿಡಿತ ಸಡಿಲುತ್ತದೆ.

ಕಾನೂನು ಏನೆನ್ನುತ್ತದೆ? ನಮ್ಮ 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಕಲಮು, ನೋಂದಣಿ ಪತ್ರದ ವಿವರಗಳು ತಯಾರಕನು ಮೊದಲು ನಿಗದಿಪಡಿಸಿದುದಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸಕೂಡದೆನ್ನುತ್ತದೆ. ಕೇರಳದಿಂದ ಹೋದ ವ್ಯಾಜ್ಯವೊಂದರಲ್ಲಿ ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಇದನ್ನೇ ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿ ದೇಹದಲ್ಲಿ ಊನವುಳ್ಳವರಿಗಾಗಿ ಮಾರ್ಪಡಿಸಿದ ವಾಹನಗಳನ್ನು ಪ್ರತ್ಯೇಕವಾಗಿ ಹೆಸರಿಸಿತು. ಹ್ಯಾಂಡಲಿನ ಎತ್ತರವು ನೋಂದಣಿ ಪತ್ರದಲ್ಲಿ ಬರೆಯುವ ವಿವರವಲ್ಲ. ಆದರೂ ನಮ್ಮ ಕಾಯಿದೆಯ ಕಣ್ಣು ನೆಟ್ಟಿರುವುದು ತಯಾರಕನ ನಕ್ಷೆಯ ಮೇಲೆ. ಕ್ಯಾಲಿಫೋರ್ನಿಯದವರು ಬೇರೆ ದಾರಿ ಹಿಡಿದಿದ್ದಾರೆ. ಆಸನದಲ್ಲಿ ಕುಳಿತ ಸವಾರನ ಕೈಗಳು ಅವನ ಹೆಗಲಿಗಿಂತ 6 ಅಂಗುಲಕ್ಕೂ ಹೆಚ್ಚು ಮೇಲಿರಬಾರದೆಂಬುದು ಅಲ್ಲಿಯ ಕಟ್ಟಳೆ. ಅಂದರೆ ಗಿಡ್ಡನಿಗೊಂದು ಎತ್ತರ, ಉದ್ದನವನಿಗೊಂದು ಎತ್ತರ. 6 ಅಂಗುಲ ಹೆಚ್ಚೆಂದು ಯಾರಾದರೂ ಚರ್ಚಿಸಲಿ. ಅಳತೆಕೋಲನ್ನು ಮನುಷ್ಯನ ಹೆಗಲಿಗೆ ಇಟ್ಟುದು ನಮಗೆ ಮೆಚ್ಚುಗೆಯಾಯಿತು. ನಮ್ಮ ಹಳೆಯ ಬಡಗಿ ಇದ್ದಿದ್ದರೆ ಅವನೂ ತಲೆದೂಗುತ್ತಿದ್ದನು.

ಸ್ನೇಹಿತರ ಗಾಡಿಯ ಕೆಲಸ ಎರಡು ದಿನ ಹಿಡಿಯಿತು. ಮೆಕ್ಯಾನಿಕನು ಉದ್ದನೆಯ ಕೇಬಲುಗಳಿಲ್ಲದೆ ಕೈಹಾಕೆನೆಂದು ಹಠ ಹಿಡಿದವನು, ರೈಸರಿಗಿಂತ ಕೇಬಲು ಕೊಳವೆಗಳಿಗೇ ಖರ್ಚು ಹೆಚ್ಚಾಯಿತೆಂದು ಸ್ನೇಹಿತರು ಗೊಣಗಿದರು. ಆಮೇಲೆ ಮಡದಿಯನ್ನು ಕೂರಿಸಿಕೊಳ್ಳದೆ ಒಂದು ವಾರ ಒಬ್ಬರೇ ಓಡಿಸಿದರು. ಪೂರ್ತಿ ಹೊರಳಿಸಿದಾಗ ಹ್ಯಾಂಡಲು ಪೆಟ್ರೋಲ್ ಟ್ಯಾಂಕಿಗೆ ತಾಗುವುದೇ ಎಂದು ಮಗನೇ ಬಗ್ಗಿ ನೋಡಿದನಂತೆ. ಭುಜದ ನೋವು ಪೂರ್ತಿ ಹೋಗಿಲ್ಲ, ಕೃಷ್ಣಗಿರಿ ಮುಟ್ಟುವವರೆಗೆ ತಡೆಯಬಹುದಾಗಿದೆ.

ಉಳಿದ ಪ್ರಶ್ನೆ ಒಂದೇ. ಮುಂದೆ ಈ ಗಾಡಿಯನ್ನು ಮಾರುವಾಗ, ಕೊಳ್ಳುವ ಅಪರಿಚಿತನಿಗೆ ಇದನ್ನೆಲ್ಲ ಹೇಳಬೇಕೇ? ಹೇಳಿದರೆ ಬೆಲೆ ಇಳಿಯುವುದೆಂದು ಪೇಟೆಯವರು ಅನ್ನುತ್ತಾರೆ. ಇಳಿದರೂ ಹೇಳಲೇಬೇಕೆಂಬುದು ನಮ್ಮ ಪಕ್ಷ. ತಯಾರಕನು ಕೈಪಿಡಿ ಬರೆದು ಕೊಡುತ್ತಾನೆ. ತಯಾರಕನ ಪೀಠದಲ್ಲಿ ಕೂತವನು ಬಾಯಲ್ಲಾದರೂ ಹೇಳದಿದ್ದರೆ ಹೇಗೆ? ಸ್ನೇಹಿತರು ನಮ್ಮ ಮಾತಿಗೆ ಉತ್ತರ ಕೊಡದೆ ಅಟ್ಟದ ಕಡೆಗೆ ಕೈ ತೋರಿಸಿದರು. ಹಳೆಯ ಬೋಲ್ಟುಗಳು, ಹಳೆಯ ಕ್ಲಚ್ ಕೇಬಲು, ಬ್ರೇಕಿನ ಕೊಳವೆ ಅಲ್ಲಿ ಗೋಣಿಚೀಲದಲ್ಲಿವೆ. ಚೀಲಕ್ಕೆ ಕಟ್ಟಿದ ರಟ್ಟಿನ ತುಂಡಿನ ಮೇಲೆ ಯಾವ ಕೇಬಲು ಎಷ್ಟು ಉದ್ದವೆಂದು ಮಗನ ಅಕ್ಷರದಲ್ಲಿ ಬರೆದಿದೆ.