ಆಕಾಶದಿಂದ ಕಂಡ ಹಸಿರು



ನಮ್ಮ ಮೈಸೂರನ್ನು ಮೇಲಿನಿಂದ ನೋಡುವ ಕಣ್ಣು ಒಂದಿದೆ ಎಂದರೆ, ನೀವು ದೇವರ ಕಣ್ಣೆಂದೇ ತಿಳಿಯುವಿರಿ. ಅದು ಸರಿಯೇ. ಆದರೆ ಮನುಷ್ಯನೂ ಈಗ ಮೇಲಿನಿಂದ ನೋಡಲು ಕಲಿತಿದ್ದಾನೆ. 1972ರಲ್ಲಿ ಅಮೆರಿಕದ ಮೊದಲ ಲ್ಯಾಂಡ್‌ಸ್ಯಾಟ್ ಉಪಗ್ರಹ ಮೇಲೇರಿತು. 1988ರಲ್ಲಿ ನಮ್ಮ ದೇಶದ ಐ.ಆರ್.ಎಸ್.-1ಎ. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತ. ಊರಿನಲ್ಲಿ ಮರಗಳೆಷ್ಟು ಉಳಿದಿವೆ, 1864ರಲ್ಲಿ ಕಟ್ಟಿದ ಕುಕ್ಕರಹಳ್ಳಿಯಂಥ ಕೆರೆಗಳ ನೀರು ಎಲ್ಲಿಯವರೆಗೆ ಹರಡಿದೆ, ಯಾವ ಬಡಾವಣೆ ಹೆಚ್ಚು ಕಾಯುತ್ತದೆ ಎಂಬುದನ್ನು ಅವುಗಳಿಂದ ಅಳೆಯಬಹುದು. ಇದು ದೇವರು ಕೊಟ್ಟ ಬುದ್ಧಿಯ ಫಲ; ಅದನ್ನು ಹಗುರವಾಗಿ ಕಾಣಬಾರದು.

ಆದರೆ ಅಳೆದರೆ ಅರಿತಂತೆಯೇ? ಯೋಚಿಸಿ ನೋಡಿ. ಶಾಖವನ್ನು ಅಳೆಯುವಾಗ ಲ್ಯಾಂಡ್‌ಸ್ಯಾಟ್-8ಕ್ಕೆ ಸುಮಾರು 100 ಮೀಟರ್ ಉದ್ದಗಲದ ನೆಲವೆಲ್ಲ ಒಂದೇ ಚುಕ್ಕೆ. ಆ ಚುಕ್ಕೆಯೊಳಗೆ ಮಾವಿನ ನೆರಳಿನ ಬಂಗಲೆಯೂ ಬರಿಯ ತಗಡಿನ ಮನೆಯೂ ಇದ್ದರೆ, ಎರಡೂ ಬೆರೆತು ಒಂದೇ ಅಂಕಿಯಾಗುತ್ತದೆ. ತಗಡಿನಡಿ ಮಗುವನ್ನು ಮಲಗಿಸುವ ತಾಯಿಯ ಸೆಖೆ ಸರಾಸರಿಯಲ್ಲಿ ಕರಗಿಹೋಗುತ್ತದೆ. ಹಸಿರಿನ ಕಥೆಯೂ ಹಾಗೆಯೇ. ಎಲೆಯಿಂದ ಮರಳುವ ಬೆಳಕನ್ನು ಹಿಡಿದು ಉಪಗ್ರಹ ಹಸಿರನ್ನು ಗುರುತಿಸುತ್ತದೆ. ಕೊಳಚೆ ನೀರು ಸೇರಿ ಕಳೆ ಮುಚ್ಚಿದ ಕೆರೆಯೂ ಅದಕ್ಕೆ ಹಸಿರೇ! ಕೆರೆಯ ಕಾಯಿಲೆ ದಡಕ್ಕೆ ಹೋದವರ ಮೂಗಿಗೆ ಮಾತ್ರ ತಿಳಿಯುತ್ತದೆ.

ಈಜಿಪ್ಟಿನಲ್ಲಿ ತಮ್ಮ ಜನರ ಕಷ್ಟವನ್ನು ದೇವರು ಕಂಡರು, ಕೂಗನ್ನು ಕೇಳಿದರು. ಅಷ್ಟಕ್ಕೇ ನಿಲ್ಲದೆ ಬಿಡಿಸಲು ಇಳಿದುಬಂದರು. ನಮ್ಮ ವಿಶ್ವಾಸದ ತಿರುಳು ಇದೇ ಅಲ್ಲವೇ? ಮೇಲಿನಿಂದ ನೋಡುವುದು ಆರಂಭ, ಇಳಿದುಬರುವುದು ಪ್ರೀತಿ. ಜಗದ್ಗುರು ಫ್ರಾನ್ಸಿಸರು 2015ರ 'ಲೌದಾತೊ ಸೀ' ವಿಶ್ವಪತ್ರದಲ್ಲಿ, ಭೂಮಿಯ ಗೋಳನ್ನೂ ಬಡವರ ಗೋಳನ್ನೂ ಒಟ್ಟಿಗೆ ಕೇಳಬೇಕೆಂದು ಬೋಧಿಸಿದರು. ಉಪಗ್ರಹಕ್ಕೆ ಕಣ್ಣಿದೆ, ಕಿವಿಯಿಲ್ಲ. ಆ ಕಿವಿ ನಾವಾಗಬೇಕು.

"ಇದೆಲ್ಲ ಸರ್ಕಾರದ ಕೆಲಸ, ನಮಗೇಕೆ?" ಎನ್ನುವವರುಂಟು. ಸರ್ಕಾರದ ಕೆಲಸ ಸರ್ಕಾರ ಮಾಡಲೇಬೇಕು. ಆದರೆ ಗಾಯಗೊಂಡು ಬಿದ್ದವನನ್ನು ಯಾಜಕನೂ ಲೇವಿಯನೂ ಕಂಡಿದ್ದರು. ಕಾಣದಿದ್ದುದು ಅವರ ತಪ್ಪಲ್ಲ. ಕಂಡೂ ದಾಟಿಹೋದದ್ದು ತಪ್ಪು. ತಿಳಿವಳಿಕೆ ಹೆಚ್ಚಿದಷ್ಟೂ ನಮ್ಮ ಹೊಣೆಯೂ ಹೆಚ್ಚುತ್ತದೆ.

ಈ ಭಾನುವಾರ ಬಲಿಪೂಜೆ ಮುಗಿಸಿ ಮನೆಗೆ ಹೋಗುವಾಗ ಮಕ್ಕಳ ಕೈಹಿಡಿದು ಬೀದಿಯನ್ನು ಗಮನಿಸಿ. ನೆರಳಿಲ್ಲದ ಮನೆ ಯಾವುದು? ಚರಂಡಿ ನೀರು ಯಾವ ಕೆರೆಯತ್ತ ಹರಿಯುತ್ತಿದೆ? ಆ ಮನೆಯವರನ್ನು ಮಾತನಾಡಿಸಿ. ಮುಂದಿನ ಮಳೆಗಾಲಕ್ಕೆ ಒಂದು ಹೊಂಗೆ ಸಸಿ ನೆಡುವುದಾದರೆ ನಿಮ್ಮ ಕಾಂಪೌಂಡಿನಲ್ಲಲ್ಲ, ಅವರೊಪ್ಪಿದರೆ ಅವರ ಬಾಗಿಲ ಮುಂದೆ ನೆಡಿ. ಅದು ಬೇರೂರುವವರೆಗೆ ನೀರು ಹಾಕಿ.